ಬೊಗ್ಗು ದಾಟದ ಗೆರೆ

ಇದನ್ನು ಬರೆಯಲು ಕುಳಿತಾಗಲೆಲ್ಲ ಬೇರೇನೋ ಕೆಲಸ ನೆನಪು ಮಾಡಿಕೊಂಡು ಎದ್ದಿದ್ದೇನೆ. ಇನ್ನೂ ಮುಂದೂಡುವ ಪ್ರಾಯ ನನ್ನದಲ್ಲ.

1984ರಲ್ಲಿ ನನಗೆ ಮೂಡುಬಿದಿರೆಯಲ್ಲಿ ರೇಡಿಯೋ ರಿಪೇರಿ ಮತ್ತು ವೈರಿಂಗ್ ಅಂಗಡಿ ಇತ್ತು. ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಬೇರೆಯವರು ಕೈಬಿಟ್ಟ ಸೆಟ್ಟುಗಳನ್ನೂ ಮಾತಾಡಿಸುತ್ತಿದ್ದೆ. ಪುಂಜಾಲಕಟ್ಟೆಯ ಧಣಿಯೊಬ್ಬರು ನನ್ನನ್ನು ಕರೆಸಿದ್ದೂ ಅದಕ್ಕೇ. ಅವರ ನಾಯಿ ಬೊಗ್ಗು ರಸ್ತೆಗೆ ನುಗ್ಗಿ ಸೈಕಲ್ಲುಗಳನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಬಿದ್ದು ಕೈ ಮುರಿದುಕೊಂಡ ನೆರೆಮನೆಯವರು, "ಇನ್ನೊಮ್ಮೆ ಹೊರಗೆ ಕಂಡರೆ ಕೋವಿ ತೆಗೆಯುತ್ತೇನೆ" ಎಂದಿದ್ದರು. ಕಟ್ಟಿಹಾಕಿದರೆ ಬೊಗ್ಗು ಅನ್ನ ಮುಟ್ಟುತ್ತಿರಲಿಲ್ಲ.

ಮಸ್ಕತ್‌ನಲ್ಲಿದ್ದ ಧಣಿಯ ತಮ್ಮ ರಜೆಗೆ ಬರುವಾಗ ಅಮೆರಿಕದಲ್ಲಿ ತಯಾರಾದ ಒಂದು ಪೆಟ್ಟಿಗೆ ತಂದಿದ್ದರು. ಜಗಲಿಯಲ್ಲಿ ಟ್ರಾನ್ಸ್‌ಮಿಟರ್, ಅಂಗಳದ ಸುತ್ತ ಮಣ್ಣಿನಡಿ ವೈರು, ನಾಯಿಯ ಕೊರಳಪಟ್ಟಿಯಲ್ಲಿ ರಿಸೀವರ್. ನಾಯಿ ವೈರಿನ ಹತ್ತಿರ ಬಂದರೆ ಮೊದಲು ಕೀಂ ಎಂಬ ಸದ್ದು, ಮುಂದೆ ಹೋದರೆ ಶಾಕ್. ವೈರಿನುದ್ದಕ್ಕೂ ಸಣ್ಣ ಬಾವುಟ ನೆಟ್ಟು, ನಾಯಿಯನ್ನು ಹಗ್ಗ ಹಿಡಿದು ನಡೆಸಿ, ಸದ್ದು ಬಂದ ಕೂಡಲೇ ಒಳಗೆ ಎಳೆದು ಬೆನ್ನು ಸವರಬೇಕು, ಕೆಲವು ವಾರ ತಾಳ್ಮೆ ಬೇಕು ಎಂದು ತಮ್ಮ ಹೇಳಿ ಹೊರಟುಹೋದರು.

110 ವೋಲ್ಟಿನ ಸೆಟ್ಟಿಗೆ ಟ್ರಾನ್ಸ್‌ಫಾರ್ಮರ್ ಜೋಡಿಸಿ ವೈರು ಹೂತೆ. ಒಂದು ಜಾಯಿಂಟೂ ಸಡಿಲ ಇರಲಿಲ್ಲ. ಬಾವುಟ ನೆಡುವುದು ಮಾತ್ರ ಮಕ್ಕಳಾಟದಂತೆ ಕಂಡಿತು. ಧಣಿಗೂ ಅವಸರ: "ನಾಡಿದ್ದು ನೆರೆಯವರನ್ನು ಕರೆಯುತ್ತೇನೆ. ಅವರ ಕಣ್ಣೆದುರೇ ಅದು ನಿಲ್ಲಬೇಕು."

ಆ ಮನೆಯಲ್ಲಿ ಅಡುಗೆ ಮಾಡುವ ಅಕ್ಕನೊಬ್ಬರಿದ್ದರು. ತಾಯಿ ಸತ್ತ ಮರಿಗೆ ಬೆರಳಲ್ಲಿ ಗಂಜಿ ನೆಕ್ಕಿಸಿ ಬೊಗ್ಗುವನ್ನು ಸಾಕಿದವರು. ಮಕ್ಕಳಿಲ್ಲದ ಅವರಿಗೆ ತಮ್ಮದೆಂಬುದು ಅದೊಂದೇ. ಅವರು "ಬಲ, ಬಲ" ಎಂದು, ತುಳುವಿನಲ್ಲಿ ಬಾ ಬಾ ಎಂದು, ಕರೆದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಮೀನಿನ ತಲೆ ಹಾಕಿದ ಗಂಜಿಯ ತಟ್ಟೆ ಕೊಟ್ಟು ಅವರನ್ನೇ ವೈರಿನ ಆಚೆ ನಿಲ್ಲಿಸಿದೆ.

"ಅದಕ್ಕೆ ನೋವಾಗುದಿಲ್ಲವಾ ಮಾರಾಯ?"

"ಇರುವೆ ಕಚ್ಚಿದ ಹಾಗೆ, ಅಷ್ಟೇ ಅಕ್ಕ. ಕರೆಯಿರಿ."

ಕರೆದರು. ಬೊಗ್ಗು ಓಡಿ ಬಂದು, ಕಿರುಚಿ ಹಿಂದೆ ಹಾರಿತು. "ಪುನಃ ಕರೆಯಿರಿ" ಎಂದೆ. ಪುನಃ ಬಂತು. ಸಂಜೆಯ ಹೊತ್ತಿಗೆ ಎಷ್ಟು ಕರೆದರೂ ಬರಲಿಲ್ಲ.

ನೆರೆಯವರು ಬಂದ ದಿನ ಗೇಟಿನ ಮುಂದೆ ಸೈಕಲ್ ಓಡಿಸಿ ನೋಡಿದರು. ಬೊಗ್ಗು ಬೊಗಳಿತು, ಗೆರೆ ದಾಟಲಿಲ್ಲ. "ಇವ ನಾಯಿಗೂ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ ಮಾರಾಯ್ರೆ!" ಎಂದು ನಕ್ಕರು. ಕೋವಿಯ ಮಾತು ಅಲ್ಲಿಗೆ ನಿಂತಿತು. ನನಗೆ ಬಂಟ್ವಾಳ, ಬೆಳ್ತಂಗಡಿಯಿಂದಲೂ ಕೆಲಸ ಬಂತು.

ಮುಂದಿನ ತಿಂಗಳು ಬ್ಯಾಟರಿ ಬದಲಿಸಲು ಹೋದೆ. ಅಕ್ಕ ಅಂಗಳದ ನಡುವೆ, ವೈರಿನಿಂದ ಎಷ್ಟೋ ದೂರದಲ್ಲಿ ತಟ್ಟೆ ಇಟ್ಟು ಕರೆದರು. ಬೊಗ್ಗು ಬಾಲ ಮುದುರಿ ದನದ ಹಟ್ಟಿಯ ಹಿಂದೆ ಹೋಯಿತು. ಅವರು ಒಳಗೆ ಹೋದ ಮೇಲೆಯೇ ತಿಂದದ್ದು.

ಅಕ್ಕ ನನ್ನ ಮುಂದೆ ಅಂಗೈ ಚಾಚಿದರು. "ಏನಾದರೂ ವಾಸನೆ ಉಂಟಾ ನೋಡು. ಸಾಬೂನು ಬದಲಿಸಿದೆ. ಆದರೂ ಹತ್ತಿರ ಬರುದಿಲ್ಲ."

ಆ ಕ್ಷಣವೇ ನನಗೆ ಗೊತ್ತಾಯಿತು, ನಾಯಿ ಹೆದರಲು ಕಲಿತದ್ದು ಅವರ ದನಿಗೆ. "ಪ್ರಾಯವಾದ ನಾಯಿ ಹಾಗೆಯೇ ಅಕ್ಕ" ಎಂದು ಟೆಸ್ಟರ್ ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ತೋಡಾರಿನಲ್ಲಿ ಅಂಥದ್ದೇ ಇನ್ನೊಂದು ಸೆಟ್ಟು ಕೂರಿಸಿದೆ. ಬಾವುಟ ನೆಟ್ಟೆ, ಹಗ್ಗ ಹಿಡಿದು ನಡೆಸಿದೆ, ಯಾರನ್ನೂ ಆಚೆ ನಿಲ್ಲಿಸಲಿಲ್ಲ. ಆ ನಾಯಿ ಗೆರೆಯೊಳಗೇ ಉಳಿಯಿತು, ಕರೆದವರ ಮಡಿಲಿಗೂ ಬಂತು. ಹೆದರಿಕೆಯನ್ನು ಜಾಗಕ್ಕೆ ಕಟ್ಟಬೇಕು, ನಂಬಿದವರ ದನಿಗೆ ಅಂಟಿಸಬಾರದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಪುಂಜಾಲಕಟ್ಟೆ ದಾಟಿ ಬಸ್ಸಿನಲ್ಲಿ ಎಷ್ಟೋ ಸಲ ಹೋದೆ. ಇಳಿಯಲಿಲ್ಲ. ತಪ್ಪು ತನ್ನ ಕೈಯಲ್ಲೇ ಇತ್ತು ಎಂದುಕೊಂಡೇ ಆ ಅಕ್ಕ ತೀರಿಹೋದರು. ಅವರ ಹೆಸರು ಲಚ್ಚಕ್ಕ.