‘ಎಲ್ ಕಂದೀಲ್’ ಪತ್ರಿಕೆಯ ಖಾಲಿ ಕಾಲಂಗಳು

ಹರಿಹರದ ಹೈಸ್ಕೂಲಿನಲ್ಲಿ ಜಲಜಾ ನನ್ನ ಶಿಷ್ಯೆ. ತಪ್ಪು ಬರೆದರೆ ರಬ್ಬರಿನಿಂದ ಅಳಿಸಿ ಏನೂ ಆಗಿಲ್ಲವೆಂಬಂತೆ ಕುಳಿತುಕೊಳ್ಳುವ ಹುಡುಗಿ. ಸಿಡ್ನಿಯಲ್ಲಿ ಎಂ.ಎಸ್. ಓದಿ, ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. 2007ರ ಮಾರ್ಚ್ ತಿಂಗಳಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ: ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಪಿಆರ್ ಅರ್ಜಿಗೆ ಕಂಪನಿಯ ಪತ್ರ. ಆಗ ಕೈಯಲ್ಲಿದ್ದ ಪ್ರಾಜೆಕ್ಟು ಮುಗಿಯುವ ಶುಕ್ರವಾರವೇ ಅದಕ್ಕೆ ಸಹಿ ಹಾಕುವುದಾಗಿ ಮ್ಯಾನೇಜರ್ ವಿಕ್ರಮ್ ಹೇಳಿದ್ದ.

ಆ ಪ್ರಾಜೆಕ್ಟು ಒಂದು ಸ್ಪ್ಯಾನಿಷ್ ದಿನಪತ್ರಿಕೆಯದು. ಹೆಸರು ‘ಎಲ್ ಕಂದೀಲ್’. ಅರ್ಥವನ್ನು ಜಲಜಾಳಿಗೆ ಯಾರೂ ಹೇಳಬೇಕಾಗಲಿಲ್ಲ. ನಮ್ಮ ಕಂದೀಲೇ ಅದು. ಸ್ಪೇನಿನ ಉತ್ತರ ಕರಾವಳಿಯ ಒಂದು ಊರಿನಲ್ಲಿ ಒಬ್ಬ ವಕೀಲರೂ ಇಬ್ಬರು ಮೇಷ್ಟ್ರುಗಳೂ ಸೇರಿ 1889ರಲ್ಲಿ ಅದನ್ನು ಆರಂಭಿಸಿದ್ದರು. ಹೆಣ್ಣುಮಕ್ಕಳಿಗೆ ಶಾಲೆ ಬೇಕು, ಮೀನುಗಾರರಿಗೆ ಸರಿಯಾದ ಕೂಲಿ ಸಿಗಬೇಕು ಎಂದು ಬರೆದು ಬರೆದು ಜಮೀನುದಾರರ ಕಣ್ಣು ಕೆಂಪಾಗಿಸಿದ ಪತ್ರಿಕೆ. ದಂಡ ತೆತ್ತಿತು; ಎರಡು ಬಾರಿ ಬೀಗ ಹಾಕಿಸಿಕೊಂಡು ಮತ್ತೆ ಹೊರಬಂದಿತು. 1937ರಲ್ಲಿ ಸೈನಿಕರು ಬಂದು ಯಂತ್ರಗಳನ್ನೇ ಹೊತ್ತೊಯ್ದರು. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ತೋಮಾಸ್ ಎಂಬಾತ ಹದಿನಾಲ್ಕು ಸಂಪುಟಗಳನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟ. ಅವನ ಮಗ ಯುಸೇಬಿಯೊ 1962ರಲ್ಲಿ ಅವುಗಳೊಂದಿಗೆ ಹಡಗು ಹತ್ತಿ ಮೆಲ್ಬರ್ನ್‌ಗೆ ಬಂದು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರು. ಈಗ ಆ ಊರಿನ ಗ್ರಂಥಾಲಯದವರು ಪತ್ರಿಕೆಯನ್ನು ಕೇಳಿದ್ದರು. ಪ್ರಾಜೆಕ್ಟು ಮುಗಿದ ಮರುವಾರದ ಬುಧವಾರ ಯುಸೇಬಿಯೊ ಡಿಸ್ಕ್ ಹಿಡಿದು ಸ್ಪೇನಿಗೆ ವಿಮಾನ ಹತ್ತುವವರಿದ್ದರು.

ಮುಟ್ಟಿದರೆ ಪುಡಿಯಾಗುವ ಕಾಗದ. ಬೈಂಡು ಕತ್ತರಿಸಿ, ಹಾಳೆ ಬಿಡಿಸಿಯೇ ಸ್ಕ್ಯಾನ್ ಮಾಡಬೇಕಾಯಿತು. ಮುಗಿದ ಮೇಲೆ, ಮತ್ತೆ ಕಟ್ಟಲು ಬಾರದ ಆ ಹಾಳೆಗಳು ರದ್ದಿಗೆ ಹೋಗಲೆಂದು ಯುಸೇಬಿಯೊ ಸ್ಕ್ಯಾನಾದ ನಾಲ್ಕಾರು ಮಾದರಿ ಪುಟಗಳನ್ನು ನೋಡಿ ಒಪ್ಪಿಗೆ ಕೊಟ್ಟಿದ್ದರು. ರದ್ದಿಯ ಲಾರಿ ಶುಕ್ರವಾರ ಮೂರು ಗಂಟೆಗೆ ಬರುವುದಿತ್ತು.

ಅಂದು ಎರಡು ಗಂಟೆಗೆ ಜಲಜಾ ಒಂದು ಸಂಪುಟದ ತಾರೀಖು ಕೇಳಲು ಮೆಲ್ಬರ್ನ್‌ಗೆ ಫೋನ್ ಮಾಡಿದಳು. ತಾರೀಖು ಹೇಳಿದ ಯುಸೇಬಿಯೊ, “ಖಾಲಿ ಕಾಲಂಗಳು ಸ್ಪಷ್ಟವಾಗಿ ಬಂದಿವೆಯಲ್ಲವೇ?” ಎಂದರು.

“ಯಾವ ಖಾಲಿ ಕಾಲಂ?”

“ಸೆನ್ಸಾರ್ ಅಧಿಕಾರಿ ಹೊಡೆದುಹಾಕಿದ್ದು. ಅವನು ಬೇಡ ಎಂದ ಸುದ್ದಿಯ ಮೊಳೆಗಳನ್ನು ಅಪ್ಪ ಕೀಳುತ್ತಿದ್ದರು, ಆದರೆ ಆ ಜಾಗಕ್ಕೆ ಬೇರೇನನ್ನೂ ತುಂಬುತ್ತಿರಲಿಲ್ಲ. ಓದುವವರಿಗೆ ಗೊತ್ತಾಗಲಿ ಎಂದು. ಜಾಹೀರಾತನ್ನಾದರೂ ಹಾಕು ಎಂದು ಅಧಿಕಾರಿ ಗದರಿದ, ಅಪ್ಪ ಹಾಕಲಿಲ್ಲ. ಅದಕ್ಕೇ ಆರು ತಿಂಗಳು ಜೈಲಿನಲ್ಲಿದ್ದರು.”

ಡಿಸ್ಕಿನಲ್ಲಿ ಜಾಗ ಉಳಿಸಲು, ಅಕ್ಷರವಿಲ್ಲದ ಕಾಲಂಗಳನ್ನು ಕಿತ್ತುಹಾಕಿ ಉಳಿದವನ್ನು ಜೋಡಿಸುವ ಪ್ರೋಗ್ರಾಂ ಬರೆದವಳು ಸ್ವತಃ ಜಲಜಾ. ಪುಟಗಳೆಲ್ಲ ಈಗ ತುಂಬಿದ್ದವು, ಯಾರೂ ಯಾವ ಸುದ್ದಿಯನ್ನೂ ತಡೆದೇ ಇರಲಿಲ್ಲವೆಂಬಂತೆ. ಮೂಲ ಸ್ಕ್ಯಾನುಗಳನ್ನು ಆಗಲೇ ಅಳಿಸಿಯಾಗಿತ್ತು. ಉಳಿದಿದ್ದದ್ದು ಬಾಗಿಲ ಬಳಿಯ ಪೆಟ್ಟಿಗೆಗಳು ಮಾತ್ರ.

ಫೋನ್ ಇಟ್ಟು ವಿಕ್ರಮನ ಬಳಿ ಓಡಿದಳು.

“ಕ್ಲೈಂಟ್ ಅಪ್ರೂವ್ ಮಾಡಿ ಆಗಿದೆ, ಜಲಜಾ. ಖಾಲಿ ಜಾಗ ಹೋಯ್ತು ಅಂತ ಯಾರಾದ್ರೂ ಅಳ್ತಾರಾ?”

“ಅವ್ರು ಅಳ್ತಾರೆ. ಲಾರಿ ನಿಲ್ಸಿ, ವಿಕ್ರಮ್. ತಪ್ಪು ನಂದು.”

“ನಿಮ್ದು ಅಂತ ಯಾರಿಗ್ ಗೊತ್ತು? ಸುಮ್ನಿರಿ ತಾಯಿ, ನನಗೂ ಕೆಲ್ಲಿವಿಲ್ ಮನೆ ಮೇಲೆ ಮಾರ್ಟ್‌ಗೇಜ್ ಇದೆ. ಪ್ರಾಜೆಕ್ಟ್ ಕ್ಲೋಸ್ ಆಗ್ಲಿಲ್ಲ ಅಂದ್ರೆ ನಿಮ್ಮ ಲೆಟರ್‌ಗೆ ನಾನು ಹೆಂಗ್ ಸೈನ್ ಮಾಡ್ಲಿ?”

ಪತ್ರ ಅವನ ಮೇಜಿನ ಮೇಲೆಯೇ ಇತ್ತು. ವೀಸಾ ಮುಗಿಯಲು ನಾಲ್ಕೇ ತಿಂಗಳಿತ್ತು.

ಲಾರಿ ಹತ್ತು ನಿಮಿಷ ಮೊದಲೇ ಬಂದಿತು. ಚಾಲಕ ಮೊದಲ ಪೆಟ್ಟಿಗೆಯನ್ನು ಕೈಗಾಡಿಗೆ ಏರಿಸಿ, ಸಹಿ ಮಾಡೆಂದು ಹಾಳೆಯನ್ನು ಜಲಜಾಳ ಮುಂದೆ ಹಿಡಿದ. ಅವಳು ಪೆನ್ನು ತೆಗೆದುಕೊಳ್ಳದೆ, ವಿಕ್ರಮನ ಎದುರಿಗೇ ಮತ್ತೆ ಮೆಲ್ಬರ್ನ್‌ಗೆ ಫೋನ್ ಮಾಡಿ, ತಾನು ಮಾಡಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು.



“ಕಾಗದ ಇದೆಯೇ?” ಎಂದರು ಯುಸೇಬಿಯೊ.

“ಇದೆ. ಒಂದು ಪೆಟ್ಟಿಗೆ ಗಾಡಿಯ ಮೇಲಿದೆ.”

“ನನ್ನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡೆ. ನಿನ್ನ ಮ್ಯಾನೇಜರಿಗೆ ಫೋನ್ ಕೊಡು.”

ವಿಕ್ರಮ್ ಎರಡು ನಿಮಿಷ “ಯೆಸ್ ಸರ್” ಎನ್ನುತ್ತ ನಿಂತಿದ್ದ. ಲಾರಿ ಖಾಲಿ ಹೋಯಿತು. ಪತ್ರ ಮೇಜಿನ ಖಾನೆಯೊಳಗೆ ಹೋಯಿತು.

ಯಾವ ಪುಟಗಳಲ್ಲಿ ಕಾಲಂ ಹಾರಿತ್ತೆಂಬುದನ್ನು ಪ್ರೋಗ್ರಾಂ ಪಟ್ಟಿಮಾಡಿತ್ತು. ಇನ್ನೂರ ಹದಿನಾರು. ಶನಿವಾರ, ಭಾನುವಾರ ಜಲಜಾ ಒಬ್ಬಳೇ ಕುಳಿತು ಅವನ್ನೆಲ್ಲ ಮತ್ತೆ ಸ್ಕ್ಯಾನ್ ಮಾಡಿದಳು. ಸೋಮವಾರ ಬೆಳಿಗ್ಗೆ ಕಂಪನಿಯವರು ರಾಜೀನಾಮೆ ಕೇಳಿದರು. ಕೊಟ್ಟು, ಡಿಸ್ಕನ್ನು ಹಿಡಿದು ಮೆಲ್ಬರ್ನ್‌ಗೆ ಹೋದಳು. ಯುಸೇಬಿಯೊ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೂರ ಹದಿನಾರು ಪುಟಗಳನ್ನೂ ಒಂದೊಂದಾಗಿ ನೋಡಿದರು. ಹೊಗಳಲಿಲ್ಲ, ಬೈಯಲೂ ಇಲ್ಲ. ಕೊನೆಗೆ ಡಿಸ್ಕನ್ನು ಪ್ರಯಾಣದ ಚೀಲದಲ್ಲಿಟ್ಟು, ಊಟ ಮಾಡಿಕೊಂಡು ಹೋಗು ಎಂದರು.

ಜಲಜಾ ಮತ್ತೆ ವಿದ್ಯಾರ್ಥಿ ವೀಸಾಕ್ಕೆ ಇಳಿದು, ಮೆಲ್ಬರ್ನಿನ ಇನ್ನೊಂದು ಕೋರ್ಸಿಗೆ ಶುಲ್ಕ ಕಟ್ಟಿದಳು. ಪಿಆರ್ ಬಂದದ್ದು 2009ರಲ್ಲಿ. ಆಮೇಲೊಮ್ಮೆ ನಾನು ಅದೇ ಊರಿನ ವಿಂಡಮ್ ವೇಲ್ ಬಡಾವಣೆಯ ಅವಳ ಬಾಡಿಗೆ ಮನೆಗೆ ಹೋದಾಗ ಕೇಳಿದೆ, “ಎರಡು ವರ್ಷ ಹೋಯಿತಲ್ಲಮ್ಮ, ಬೇಜಾರಿಲ್ಲವೇ?”

“ಅದೆ, ಮೇಷ್ಟ್ರೇ,” ಎಂದಳು. “ಬಾಳ ಅದೆ. ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?”