ಗಡಿಯಾರ ಹೇಳಿದ ಮಾತು

ಡ್ರೈವಿಂಗ್ ಶಾಲೆಯ ಆ ಮೇಷ್ಟ್ರನ್ನು ರಾಕ್ ಸಂಗೀತದ ಹಳೇ ಹುಚ್ಚರು ಇವತ್ತಿಗೂ ಗಡಿಯಾರ ಎಂದೇ ಕರೆಯುತ್ತಾರೆ. ಒಂದು ಕಾಲದಲ್ಲಿ ಅವನು ಡ್ರಮ್ಸ್ ಬಾರಿಸುತ್ತಿದ್ದ. ಹಾಡುಗಾರ ಎಷ್ಟೇ ಎಳೆದಾಡಲಿ, ಗಿಟಾರಿನವನು ಎಷ್ಟೇ ಮುನ್ನುಗ್ಗಲಿ, ಇವನ ಲಯ ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಆ ಹಾಡುಗಾರ ಬೇರೆ ಯಾರೂ ಅಲ್ಲ, ಇವನ ತಂಗಿಯ ಗಂಡ. ಮೊದಲು ಗೆಳೆಯ, ಆಮೇಲೆ ಭಾವ.

ಭಾವ ತಂಡ ಬಿಟ್ಟು ಹೋದದ್ದು ದೊಡ್ಡ ಸುದ್ದಿಯಾಗಿತ್ತು. ಹೆಸರುವಾಸಿಯಾದ ನಾಲ್ಕು ತಂಡಗಳಿಂದ ಒಬ್ಬೊಬ್ಬರನ್ನು ಆರಿಸಿ ದಿಗ್ಗಜರದೇ ಒಂದು ತಂಡ ಕಟ್ಟುತ್ತಾರಂತೆ, ಅದಕ್ಕೆ ಇವನೇ ಹಾಡುಗಾರನಂತೆ ಎಂದು ಎಲ್ಲೆಲ್ಲೂ ಗುಲ್ಲೆದ್ದಿತು. ಡ್ರಮ್ಸ್‌ಗೆ ಬೇರೊಬ್ಬ ದಿಗ್ಗಜ ಸಿಕ್ಕಿದ್ದ. ಭಾವ ಈ ವಿಷಯವನ್ನು ಗಡಿಯಾರನಿಗೆ ತಾನಾಗಿ ಹೇಳಲಿಲ್ಲ. ತಂಗಿಯ ಬಾಯಲ್ಲಿ ಹೇಳಿಸಿದ. ಹಾಡುಗಾರನಿಲ್ಲದ ಹಳೇ ತಂಡ ಸ್ವಲ್ಪ ದಿನ ಉಸಿರು ಹಿಡಿದುಕೊಂಡಿದ್ದು ಆಮೇಲೆ ಚದುರಿಹೋಯಿತು. ಗಡಿಯಾರ ಅರ್ಧ ಹೊತ್ತು ಮಾಡುತ್ತಿದ್ದ ಮೇಷ್ಟರಿಕೆಯನ್ನೇ ಪೂರ್ತಿ ಹಿಡಿದ. ಡ್ರಮ್ಸ್ ಮಂಚದ ಕೆಳಗೆ ಸೇರಿತು. 'ಬೇಜಾರಿಲ್ವಾ?' ಎಂದು ಯಾರಾದರೂ ಕೇಳಿದರೆ, 'ಏನೂ ಇಲ್ಲಪ್ಪ' ಎನ್ನುತ್ತಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಮಾತ್ರ ಈ ಉತ್ತರ ಕೇಳಿದಾಗಲೆಲ್ಲ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು.

ಹೊಸ ತಂಡದ ಮೊದಲ ಆಲ್ಬಮ್ ಬಂತು. ಬಂದದ್ದೇ ತಡ, ವಿಮರ್ಶಕರು ಮುಗಿಬಿದ್ದರು. ನಾಲ್ವರು ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಕೊಂಡ ಹಾಗಿದೆ ಎಂದು ಒಂದು ಪತ್ರಿಕೆ ಬರೆಯಿತು. ಇದು ಆಲ್ಬಮ್ ಅಲ್ಲ, ಪೋಸ್ಟರ್ ಎಂದಿತು ಇನ್ನೊಂದು. ಅಭಿಮಾನಿಗಳ ಸಿಟ್ಟು ಬೇರೆ ಥರದ್ದು. ಒಂದೊಂದು ಹಳೇ ತಂಡದ ಅಭಿಮಾನಿಗಳೂ ತಮ್ಮವನೊಬ್ಬನೇ ಚಿನ್ನ, ಕೆಡಿಸಿದವರು ಮಿಕ್ಕ ಮೂವರು ಎಂದು ಜಗಳಕ್ಕೆ ನಿಂತರು. ಆದರೆ ಗಡಿಯಾರನ ಹಳೇ ತಂಡದ ಅಭಿಮಾನಿಗಳು ತಮ್ಮ ಹಾಡುಗಾರನನ್ನೂ ಬಿಡಲಿಲ್ಲ. 'ಗಡಿಯಾರನ್ನ ಬಿಟ್ಟು ಹೋದ್ಯಲ್ಲ, ಅನುಭವಿಸು' ಎಂದು ಬರೆದರು. ಗಡಿಯಾರನ ಹಳೇ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು.

ಗಡಿಯಾರ ಆಲ್ಬಮ್ ಕೇಳಿರಲಿಲ್ಲ. ಆದರೆ ಅದಕ್ಕೆ ಬಿದ್ದ ಬೈಗುಳವನ್ನೆಲ್ಲ ಓದುತ್ತಿದ್ದ. ಒಬ್ಬರ ಪಾಠ ಮುಗಿದು ಇನ್ನೊಬ್ಬರು ಬರುವುದರೊಳಗೆ ಕಾರನ್ನು ಮರದ ನೆರಳಿಗೆ ಹಾಕಿ, ಕನ್ನಡಕ ಏರಿಸಿ, ಒಂದೂ ಬಿಡದೆ ಓದುತ್ತಿದ್ದ. ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಮನೆಯಲ್ಲಿ ಸಿಳ್ಳೆ ಹಾಕಿಕೊಂಡು ಓಡಾಡಿದ. ಹೆಂಡತಿ ನೋಡುವಷ್ಟು ನೋಡಿ ಕೇಳಿದಳು:

"ಏನು, ಬಹಳ ಖುಷಿಯಾಗಿದ್ದೀರಿ?"

"ನಾನೇನು ಮಾಡಿದೆ? ಜನ ಬರೀತಿದ್ದಾರೆ, ಓದ್ತಿದ್ದೀನಿ."

"ಆಲ್ಬಮ್ ಕೇಳಿದ್ರಾ?"

"ಕೇಳೋದೇನಿದೆ ಅದರಲ್ಲಿ."

"ಕೇಳದೇನೇ ಇಷ್ಟು ರುಚಿ ಹತ್ತಿದೆ," ಎಂದು ಅವಳು ಒಗೆದ ಬಟ್ಟೆ ಮಡಿಸಲು ಕೂತಳು.

ಆ ವಾರವೇ ರೇಡಿಯೋದಿಂದ ಫೋನ್ ಬಂತು. ಆಲ್ಬಮ್ ಬಗ್ಗೆ ಚರ್ಚೆ ಇಟ್ಟಿದ್ದೇವೆ, ನೀವು ಬಂದು ನಾಲ್ಕು ಮಾತಾಡಬೇಕು ಎಂದಳು ನಿರೂಪಕಿ. ಅವನು ಆಗಲಿ ಎಂದುಬಿಟ್ಟ. ಆ ಸುದ್ದಿ ತಂಗಿಗೆ ಹೇಗೋ ಮುಟ್ಟಿತು. ಅವಳು ಫೋನ್ ಮಾಡಿದಳು.

"ಅಣ್ಣ, ಇವರು ರೂಮಿನಿಂದ ಆಚೆ ಬರ್ತಿಲ್ಲ. ಊಟ ತಟ್ಟೆಯಲ್ಲಿ ಹಾಗೇ ಇರುತ್ತೆ. ನೀನು ಹೋಗಬೇಡ."

"ನಾನು ಕೆಟ್ಟದ್ದು ಹೇಳ್ತೀನಿ ಅಂತ ಯಾರು ಅಂದ್ರು?"

"ಹಂಗಾದ್ರೆ ಒಂದು ಒಳ್ಳೇ ಮಾತು ಹೇಳು. ಒಂದೇ ಒಂದು. ನಿನ್ನ ಮಾತು ಜನ ಕೇಳ್ತಾರೆ."

ತಂಗಿ ಅವನ ಹತ್ತಿರ ಏನನ್ನೂ ಬೇಡಿದವಳಲ್ಲ. ಅವಳ ದನಿ ಕೇಳಿ ಗಡಿಯಾರನಿಗೆ ತನ್ನ ಸಿಳ್ಳೆ ನೆನಪಾಗಿ ಕಸಿವಿಸಿಯಾಯಿತು. ಮಾರನೆಯ ದಿನ ಹೆಂಡತಿಯನ್ನು ಅಂಗಡಿಯಿಂದ ಕರೆತರಲು ಹೋದವನು ಅಲ್ಲೇ ಕಾರು ನಿಲ್ಲಿಸಿಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಲ್ಬಮ್ ಹಾಕಿದ.

ಮೊದಲ ಹಾಡು ಗದ್ದಲ. ವಿಮರ್ಶಕರು ಹೇಳಿದ್ದು ಸುಳ್ಳಲ್ಲ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎರಡನೆಯದೂ ಅಷ್ಟೇ. ಮೂರನೆಯದು ಶುರುವಾದಾಗ ಅವನ ಕೈ ತನ್ನಷ್ಟಕ್ಕೆ ದನಿ ಜೋರು ಮಾಡಿತು. ನಿಧಾನದ ಹಾಡು. ಭಾವ ಕಿರುಚುತ್ತಿರಲಿಲ್ಲ, ಯಾರೋ ಮಲಗಿರುವ ಕೋಣೆಯಲ್ಲಿ ಮಾತಾಡುವ ಹಾಗೆ ಹಾಡುತ್ತಿದ್ದ. ಹಿಂದೆ ಡ್ರಮ್ಸ್ ಬಾರಿಸುವವನು ಬಾರಿಸುವುದಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದ. ಎಲ್ಲಿ ಪೆಟ್ಟು ಬೀಳಬೇಕೋ ಅದಕ್ಕಿಂತ ಒಂದು ಎಳೆ ತಡವಾಗಿ ಬೀಳುತ್ತಿತ್ತು. ಆ ತಡದಲ್ಲಿ ಭಾವನ ಉಸಿರು ಕೇಳಿಸುತ್ತಿತ್ತು.

"ಇದು ಚೆನ್ನಾಗಿದೆ ಅಲ್ವಾ?" ಎಂದಳು ಹೆಂಡತಿ.

"ನನ್ನ ಕೈಲಿ ಇದು ಆಗ್ತಿರಲಿಲ್ಲ," ಎಂದ ಗಡಿಯಾರ. "ನಾನಿದ್ದಿದ್ರೆ ಅವನಿಗೆ ಹೀಗೆ ಹಾಡೋಕೆ ಜಾಗಾನೇ ಸಿಗ್ತಿರಲಿಲ್ಲ."

ಅವಳು ಅವನ ಮೊಣಕೈ ಮುಟ್ಟಿದಳು. "ಇದನ್ನೇ ಹೇಳಿ ರೇಡಿಯೋದಲ್ಲಿ."

ಇದನ್ನೇ ಹೇಳಬೇಕೆಂದು ಅವನು ಹೋದ. ಹೇಳಿದ ಕೂಡ. ಮೂರನೆಯ ಹಾಡಿನ ಬಗ್ಗೆ, ಆ ಡ್ರಮ್ಸ್‌ನವನ ಕೈಯ ಬಗ್ಗೆ ತಡವರಿಸಿಕೊಂಡು, ಆದರೆ ಮನಸಾರೆ ಹೇಳಿದ. ನಿರೂಪಕಿ ನಗುನಗುತ್ತ ಕೇಳಿಸಿಕೊಂಡಳು. ಆಮೇಲೆ ಅಭಿಮಾನಿಗಳು ಬರೆದದ್ದನ್ನು ಓದತೊಡಗಿದಳು. ಗಡಿಯಾರ ಇಲ್ಲದ ಹಾಡು ಹಾಡಲ್ಲ ಎಂದು ಒಬ್ಬ. ಆ ಹಾಡುಗಾರನನ್ನು ಹಾಡುಗಾರನನ್ನಾಗಿ ಮಾಡಿದ್ದೇ ಗಡಿಯಾರ ಎಂದು ಮತ್ತೊಬ್ಬ. ಚಿಕ್ಕ ಕೋಣೆ, ಕಿವಿಗೆ ಬಿಗಿದ ಹೆಡ್‌ಫೋನ್, ಅದರೊಳಗೆ ಬರೀ ತನ್ನದೇ ಹೊಗಳಿಕೆ. ಅವನ ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ಈ ತಂಡ ಎಡವಿದ್ದೆಲ್ಲಿ ಸರ್?" ಎಂದಳು ಅವಳು.

"ಇನ್ನೊಬ್ಬರಿಗೋಸ್ಕರ ಕಾಯೋದು ಆ ನಾಲ್ವರಲ್ಲಿ ಯಾರಿಗೂ ಗೊತ್ತಿಲ್ಲ," ಎಂದ ಗಡಿಯಾರ. "ನಮ್ಮ ಭಾವನಿಗಂತೂ ಮೊದಲಿಂದಲೂ ಗೊತ್ತಿಲ್ಲ."

ಅಂದ ಮೇಲೆ ಅವನಿಗೇ ದಿಗಿಲಾಯಿತು. ಮೂರನೆಯ ಹಾಡಿನ ಬಗ್ಗೆ ಈಗಷ್ಟೇ ತಾನು ಹೇಳಿದ್ದಕ್ಕೆ ಇದು ತದ್ವಿರುದ್ಧ. ಸರಿಮಾಡೋಣವೆಂದು ಬಾಯಿ ತೆರೆದ, ಅಷ್ಟರಲ್ಲಿ ಜಾಹೀರಾತು ಬಂತು.

ಸಂಜೆಯ ಹೊತ್ತಿಗೆ ಆ ಎರಡು ವಾಕ್ಯ ಎಲ್ಲ ಕಡೆ ಹರಡಿತ್ತು. ಮೂರನೆಯ ಹಾಡಿನ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ವಿಮರ್ಶಕರು, ನಾವು ಹೇಳಿದ್ದನ್ನೇ ಮನೆಯವರೂ ಹೇಳಿದರು ಎಂದು ಬೆನ್ನು ತಟ್ಟಿಕೊಂಡರು. ಅಭಿಮಾನಿಗಳು ಅದನ್ನು ಅಂಗಿಯ ಮೇಲೂ ಅಚ್ಚು ಹಾಕಿಸಿಕೊಂಡರು. ಗಡಿಯಾರ, ನಾನು ಹೊಗಳಿದ್ದನ್ನೂ ಹಾಕಿ ಎಂದು ಮೊಬೈಲಿನಲ್ಲಿ ಬರೆದ. ಪಾಪ, ಮನೆಯಲ್ಲಿ ಕಿವಿ ಹಿಂಡಿರಬೇಕು ಎಂದು ಜನ ನಕ್ಕರು. ಮತ್ತೆ ಬರೆದ. ಎಷ್ಟಕ್ಕೆ ಕೊಂಡುಕೊಂಡರು ಎಂದು ಕೇಳಿದರು. ಅವನನ್ನು ತಲೆಯ ಮೇಲೆ ಕೂರಿಸಿಕೊಂಡವರೇ ದೊಪ್ಪನೆ ಕೆಳಗೆ ಹಾಕಿದರು.

ಅವನು ತಂಗಿಯ ಮನೆಗೆ ಹೋದ. ಬಾಗಿಲು ತೆರೆದವನು ಭಾವ. ಗಡ್ಡ ಬೆಳೆದಿತ್ತು. ಒಳಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ, ಬಾಗಿಲು ಬಿಟ್ಟು ಸರಿದ. ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತರು. ತಂಗಿ ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಮೂರನೇದು ನಿಜವಾಗ್ಲೂ ಚೆನ್ನಾಗಿದೆ ಕಣೋ," ಎಂದ ಗಡಿಯಾರ. "ಪೂರ್ತಿ ಕಾರ್ಯಕ್ರಮ ಕೇಳು, ಹೇಳಿದ್ದೀನಿ."

"ಕೇಳಿದೆ."

"ಮತ್ತೆ?"

"ಹೇಳಿದ್ದೆಲ್ಲ ನಿಜಾನೇ. ಚೆನ್ನಾಗಿದೆ ಅಂದಿದ್ದೂ ನಿಜ, ಕಾಯೋಕೆ ಬರಲ್ಲ ಅಂದಿದ್ದೂ ನಿಜ." ಭಾವ ಅಂಗೈಯಿಂದ ಕಣ್ಣುಜ್ಜಿಕೊಂಡ. "ಬೇರೆ ಯಾರಾದ್ರೂ ಅಂದಿದ್ರೆ ಹಾಳಾಗಿ ಹೋಗು ಅಂತಿದ್ದೆ. ನೀನು ಅನ್ನಬಾರದಿತ್ತು."

"ಬಾಯಿ ತಪ್ಪಿ ಬಂತು."

"ಇಲ್ಲ ಬಿಡೋ. ನೀನು ಯಾವತ್ತು ತಪ್ಪಿದ್ದೀಯ?"

ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಬೇಕೆಂದು ಗಡಿಯಾರ ಅಷ್ಟು ದಿನ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ. ಆಗ ಕೇಳಲಾಗಲಿಲ್ಲ. ಹೊರಡುವಾಗ ಅಡುಗೆಮನೆಯ ಕಡೆ ತಿರುಗಿ, "ಬರ್ತೀನಿ" ಎಂದ. ನಲ್ಲಿಯ ನೀರು ನಿಂತಿತು, ಮತ್ತೆ ಶುರುವಾಯಿತು. ತಂಗಿ ಹೊರಗೆ ಬರಲಿಲ್ಲ.

ದಿಗ್ಗಜರ ತಂಡ ಎರಡನೆಯ ಆಲ್ಬಮ್ ಮಾಡುವ ಮೊದಲೇ ಒಡೆಯಿತು. ಅದು ಗಡಿಯಾರನ ಮಾತಿನಿಂದಲ್ಲ, ಹೇಗಿದ್ದರೂ ಒಡೆಯುತ್ತಿತ್ತು ಎಂದು ಹೆಂಡತಿ ಅವನಿಗೆ ಸಮಾಧಾನ ಹೇಳಿದಳು. ವರ್ಷಗಳ ಮೇಲೆ ಒಬ್ಬ ವಿಮರ್ಶಕ ಆ ಆಲ್ಬಮ್ಮನ್ನು ಮತ್ತೆ ಕೇಳಿ, ಅದರಲ್ಲಿ ಒಂದು ಅಪರೂಪದ ಹಾಡಿದೆ, ನಾವು ಅವಸರಪಟ್ಟೆವು ಎಂದು ಬರೆದ. ಅಷ್ಟರಲ್ಲಿ ಆ ಅಭಿಮಾನಿಗಳೆಲ್ಲ ಬೇರೆ ಯಾವುದಕ್ಕೋ ಜಗಳಾಡುತ್ತಿದ್ದರು. ಭಾವ ಈಗ ಸಣ್ಣಪುಟ್ಟ ಸಭಾಂಗಣಗಳಲ್ಲಿ ಒಬ್ಬನೇ ಗಿಟಾರ್ ಹಿಡಿದು ಹಾಡುತ್ತಾನೆ. ತಂಗಿ ಅತ್ತಿಗೆಗೆ ಫೋನ್ ಮಾಡುತ್ತಾಳೆ, ಅಣ್ಣ ಚೆನ್ನಾಗಿದ್ದಾನಾ ಎಂದು ಕೇಳುತ್ತಾಳೆ. ಫೋನ್ ಅವನ ಕೈಗೆ ಕೊಡು ಎನ್ನುವುದಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ಗಡಿಯಾರ ಒಬ್ಬ ನರ್ಸಮ್ಮನಿಗೆ ಪಾಠ ಹೇಳುತ್ತ ಸಿಗ್ನಲ್ಲಿನಲ್ಲಿ ನಿಂತಿದ್ದ. ಪಕ್ಕದ ಸಾಲಿನಲ್ಲಿ ಇನ್ನೊಂದು ಡ್ರೈವಿಂಗ್ ಶಾಲೆಯ ಕಾರು ಬಂದು ನಿಂತಿತು. ಸ್ಟೀರಿಂಗ್ ಹಿಡಿದಿದ್ದವಳು ಅವನ ತಂಗಿ. ಗಂಡನ ಕಾರ್ಯಕ್ರಮದ ಸಾಮಾನು ಸಾಗಿಸಲು ಕಾರು ಕಲಿಯುತ್ತಿರಬೇಕು. ಊರಿಗೆಲ್ಲ ಕಲಿಸುವ ಅಣ್ಣನನ್ನು ಬಿಟ್ಟು ಬೇರೆ ಕಡೆ ಸೇರಿದ್ದಳು. ಹಸಿರು ದೀಪ ಬಿದ್ದಾಗ ಅವಳ ಕಾರು ಮುಗ್ಗರಿಸಿ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆದರು. ಗಡಿಯಾರ ಕಿಟಕಿಯ ಗಾಜು ಇಳಿಸಿದ. ಅವಳು ತಿರುಗಿ ನೋಡಿದಳು, ನೋಡಿದ್ದು ಅವನಿಗೆ ಖಂಡಿತ ಗೊತ್ತಾಯಿತು. ಆಮೇಲೆ ಮುಂದೆ ನೋಡಿಕೊಂಡು, ಕೀಲಿ ತಿರುಗಿಸಿ, ಮೆಲ್ಲಗೆ ಕ್ಲಚ್ ಬಿಟ್ಟು ಹೊರಟುಹೋದಳು.

"ಮೇಷ್ಟ್ರೇ, ನಾವೂ ಹೋಗೋಣ್ವಾ?" ಎಂದಳು ನರ್ಸಮ್ಮ.

"ಹೋಗೋಣ," ಎಂದ ಅವನು. ಗಾಜು ಏರಿಸಲಿಲ್ಲ.