ಕೂಗಿದರೆ ಬರುವ ದೂರ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಓದುತ್ತಾ ಓದುತ್ತಾ ನೀವು ಬೇರೆ ಯಾರನ್ನಾದರೂ ಬೈಯಲು ಹೊರಟರೆ ಆ ಬೈಗುಳ ದಂಡವಾಗುತ್ತದೆ, ಉಳಿಸಿಕೊಳ್ಳಿ. ಸಂಜೆ ಹೊತ್ತು ಬೀದಿಯಲ್ಲಿ ನಿಂತು, ಬೇರೆಯವರ ಅಪ್ಪಂದಿರ ದನಿಯಲ್ಲಿ ಬೇರೆಯವರ ಮಕ್ಕಳನ್ನು ಕೂಗಿ ಕರೆಯುವ ಚಟವಿದ್ದ ಮನುಷ್ಯ ರಾಮನಗರಕ್ಕೆಲ್ಲ ಒಬ್ಬನೇ ಇದ್ದ. ಅವನು ನಾನು.

ಇದೆಲ್ಲ ಇವತ್ತು ನೆನಪಾದದ್ದು ಒಂದು ವಾಸನೆಯಿಂದ. ಕನಕಪುರದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮುಗಿಸಿ ಊರಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬರು ಬಂದು ಕುಳಿತರು. ಅವರ ಜೊತೆಗೇ ಬೇಯಿಸಿದ ರೇಷ್ಮೆಗೂಡಿನ ವಾಸನೆಯೂ ಟಿಕೆಟ್ಟಿಲ್ಲದೆ ಬಂದು ಕುಳಿತಿತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಮಾತ್ರ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡೆ. ಆ ಮನುಷ್ಯರು ನನ್ನನ್ನು ಒಮ್ಮೆ ನೋಡಿ, ತಮ್ಮ ಚೀಲವನ್ನು ಆ ಕಡೆಯ ತೊಡೆಗೆ ವರ್ಗಾಯಿಸಿಕೊಂಡರು. ಅವರ ಅನುಮಾನ ಸಹಜವೇ. ಸತ್ತ ಹುಳುವಿನ ವಾಸನೆಯನ್ನು ಮಲ್ಲಿಗೆಯ ಹಾಗೆ ಮೂಸುವವನನ್ನು ಯಾರು ನಂಬುತ್ತಾರೆ?

ನನಗೆ ಅದು ಶಮೀಮ್ ಆಪಾ ಅವರ ಶೆಡ್ಡಿನ ವಾಸನೆ. ಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡು ಅದು. ನಸುಕಿಗೇ ಒಲೆ ಉರಿಯಲು ಶುರುವಾದರೆ ಸಂಜೆ ನಾಲ್ಕಕ್ಕೆಲ್ಲ ಕೆಲಸ ಮುಗಿದು, ಆಳುಕಾಳು ಮನೆಗೆ ಹೋಗಿ, ಬರೀ ಬಿಸಿ ಉಳಿದಿರುತ್ತಿತ್ತು. ಒಂದು ಸಂಜೆ ಆಪಾ ಪೇಟೆಯಿಂದ ಬರುವಾಗ ಎಟಿಎಂ ಮೆಟ್ಟಿಲ ಮೇಲೆ ನಮ್ಮ ಬೀದಿಯ ಮಕ್ಕಳು ಪುಸ್ತಕ ಹಿಡಿದು ಕುಳಿತಿದ್ದನ್ನೂ, ಕಾವಲಿನವನು ಅವರನ್ನು ಕೋಳಿ ಓಡಿಸಿದ ಹಾಗೆ ಓಡಿಸಿದ್ದನ್ನೂ ಕಂಡರಂತೆ. "ನಮ್ಮ ಶೆಡ್ಡು ಸಂಜೆಯೆಲ್ಲ ಸುಮ್ನೆ ಬಿದ್ದಿರ್ತದೆ, ಅಲ್ಲಿ ಬಂದು ಕೂತ್ಕೊಳ್ಳಿ. ಲೈಟೂ ಇದೆ" ಎಂದರಂತೆ. ಉದ್ಘಾಟನೆ ಆದದ್ದು ಅಷ್ಟೇ. ರಿಬ್ಬನ್ ಇಲ್ಲ, ಭಾಷಣ ಇಲ್ಲ, ಹಾರ ಹಾಕಿಸಿಕೊಳ್ಳಲು ಮುಖಂಡರಿಲ್ಲ.

ನೀವೇ ಹೇಳಿ, ನಮ್ಮಂಥ ಊರಿನಲ್ಲಿ ಹದಿನೇಳು ಹದಿನೆಂಟರ ವಯಸ್ಸಿನವರು ಸಂಜೆ ಎಲ್ಲಿಗೆ ಹೋಗಬೇಕು? ಟೀ ಅಂಗಡಿಯಲ್ಲಿ ಕುಳಿತರೆ ಇನ್ನೊಂದು ಟೀ ಹೇಳಬೇಕು. ಪಾರ್ಕಿನ ಬೆಂಚು ವಾಕಿಂಗಿನವರದು. ಅರಳಿಕಟ್ಟೆ ಮುದುಕರದು, ಅಲ್ಲಿ ಕೂರಲು ಮಂಡಿನೋವು ಕಡ್ಡಾಯ. ಹುಡುಗರಾದರೆ ಹೇಗೋ ಯಾವುದಾದರೂ ಬೈಕಿಗೆ ಒರಗಿ ನಿಂತುಬಿಡುತ್ತೇವೆ. ಹುಡುಗಿಯರು ಒಂದು ಕಡೆ ಒಂದು ಗಳಿಗೆ ಸುಮ್ಮನೆ ನಿಂತರೆ ಸಾಕು, "ಯಾರ ಮಗ್ಳಮ್ಮ ನೀನು?" ಎಂದು ಬೀದಿಯೇ ಕೇಳುತ್ತದೆ. ಶೆಡ್ಡಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ. ಓದುವವರು ಓದುತ್ತಿದ್ದರು. ಕೇರಂ ಆಡುವವರು ಆಡುತ್ತಿದ್ದರು. ಕೆಲವರು ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಸೂರು ನೋಡುತ್ತಿದ್ದರು, ಅದಕ್ಕೂ ಅಡ್ಡಿಯಿರಲಿಲ್ಲ. ವಾಸನೆ ಬಟ್ಟೆಗೆ, ಕೂದಲಿಗೆ, ರಸಾಯನಶಾಸ್ತ್ರದ ಪುಸ್ತಕಕ್ಕೆ ಅಂಟುತ್ತಿತ್ತು. ನಮ್ಮಮ್ಮ ನನ್ನ ನೆತ್ತಿ ಮೂಸಿಯೇ ಊಟಕ್ಕೆ ಹಾಕುತ್ತಿದ್ದಳು. ಹುಳುವಿನ ವಾಸನೆ ಬಂದರೆ ಮುದ್ದೆ, ಬರದಿದ್ದರೆ ವಿಚಾರಣೆ.

ಆಪಾ ಇಟ್ಟಿದ್ದ ನಿಯಮ ಒಂದೇ: ಮನೆಯಿಂದ ಕೂಗು ಬಂತೋ, ತಕ್ಷಣ ಎದ್ದು ಹೋಗಬೇಕು. ಕೇರಂನಲ್ಲಿ ರಾಣಿ ಗುಳಿಯ ಅಂಚಿನಲ್ಲಿದ್ದರೂ ಸರಿ. ತಂದೆತಾಯಿಯರು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಅಲ್ಲಿಗೆ ಕಳಿಸುತ್ತಿದ್ದದ್ದು ಇದೊಂದು ಧೈರ್ಯದ ಮೇಲೆ. ಮಗಳು ಕೂಗಿದರೆ ಬರುವಷ್ಟು ದೂರದಲ್ಲಿದ್ದಾಳೆ ಎಂಬ ಧೈರ್ಯ.

ಈಗ ನನ್ನ ಪ್ರವೇಶ.

ದೇವರು ನನಗೆ ಲೆಕ್ಕ ಕೊಡಲಿಲ್ಲ, ಇಂಗ್ಲಿಷ್ ಕೊಡಲಿಲ್ಲ, ಮೀಸೆಯನ್ನೂ ಅಲ್ಲೊಂದು ಇಲ್ಲೊಂದು ಉದುರಿಸಿ ಕೈತೊಳೆದುಕೊಂಡ. ಗಂಟಲೊಂದನ್ನು ಮಾತ್ರ ಧಾರಾಳವಾಗಿ ಕೊಟ್ಟ. ನಮ್ಮ ಬೀದಿಯ ಅಪ್ಪಂದಿರ ಕೂಗು ಒಂದೊಂದೂ ಒಂದೊಂದು ಬಗೆ. ಬೇಕರಿಯವರು ಮಗನ ಹೆಸರನ್ನು ಬಿಸ್ಕತ್ತಿನಂತೆ ಪಟಕ್ಕನೆ ಮುರಿಯುತ್ತಿದ್ದರು. ನಮ್ಮಪ್ಪ ಹೆಸರಿಗಿಂತ ಮುಂಚೆ ನಾಲ್ಕು ಬಿರುದು ಸೇರಿಸುತ್ತಿದ್ದ. ಎಲ್ಲಕ್ಕಿಂತ ಸೊಗಸು ಆಟೋ ಓಡಿಸುವ ಶಿವಲಿಂಗಣ್ಣನದು. "ಸವೀ..." ಎಂದು ಎಳೆದು, ನಡುವೆ ಒಂದು ಕೆಮ್ಮು ಕೆಮ್ಮಿ, "...ತಾ!" ಎಂದು ಕೊನೆಯನ್ನು ಬೀದಿಗೆ ಎಸೆಯುತ್ತಿದ್ದರು. ನಾನು ಕಿಟಕಿಯ ಆಚೆ ನಿಂತು ಕೆಮ್ಮಿನ ಸಮೇತ ಅದನ್ನೇ ಮಾಡಿದರೆ, ಅವರ ಮಗಳು ಸವಿತ ಪುಸ್ತಕ ಬಾಚಿಕೊಂಡು, ಚಪ್ಪಲಿ ಅದಲುಬದಲು ಮಾಡಿಕೊಂಡು ಓಡಿ ಬರುತ್ತಿದ್ದಳು. ಹೊರಗೆ ನಾನೊಬ್ಬನೇ ಹಲ್ಲು ಕಿರಿದು ನಿಂತಿರುತ್ತಿದ್ದೆ. ಒಳಗೆ ನಗೆಯೋ ನಗೆ. ಕಲಾವಿದನಿಗೆ ಇನ್ನೇನು ಬೇಕು?

ಸವಿತಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಪಿಯುಸಿಯಲ್ಲಿ ಒಂದು ಸಲ ಗಣಿತ ಹೋಗಿತ್ತು. ಈ ಸಲವೂ ಹೋದರೆ ಓದು ಬಿಡಿಸಿ ಗಾರ್ಮೆಂಟ್ಸಿಗೆ ಕಳಿಸುತ್ತೇನೆಂದು ಶಿವಲಿಂಗಣ್ಣ ಹೇಳಿಯಾಗಿತ್ತು. ಅವಳಿಗೆ ಆ ಶೆಡ್ಡಿನ ಮೂಲೆ ಹರಟೆಯ ಜಾಗವಲ್ಲ, ಉಳಿದಿದ್ದ ಒಂದೇ ದಾರಿ. ಇದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಚಪ್ಪಾಳೆ ಬೀಳುವಾಗ ಗೊತ್ತಿರುವುದೆಲ್ಲ ಮರೆಯುತ್ತದೆ, ಅಷ್ಟೇ.

ಪರೀಕ್ಷೆಗೆ ಸ್ವಲ್ಪ ದಿನ ಇತ್ತು. ಒಂದು ಸಂಜೆ ಹೊರಗಿನಿಂದ ಕೂಗು ಬಂತು: "ಸವೀ..." ಕೆಮ್ಮು. "...ತಾ!"

ಸವಿತ ತಲೆ ಕೂಡ ಎತ್ತಲಿಲ್ಲ. ಕೂತಲ್ಲಿಂದಲೇ ಗೋಡೆ ಅದುರುವ ಹಾಗೆ ಅರಚಿದಳು. "ಹೋಗಲೇ ಕೋತಿ! ಕೆಮ್ಮಿ ಕೆಮ್ಮಿ ಸಾಯಿ ಅಲ್ಲೇ! ನಾನಂತೂ ಬರಾಕಿಲ್ಲ!"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಾನು ಒಳಗೇ ಇದ್ದೆ. ಕೇರಂ ಬೋರ್ಡಿನ ಮುಂದೆ, ಬಾಯಿ ತುಂಬ ಕಡಲೆಕಾಯಿ ಇಟ್ಟುಕೊಂಡು.

ಬಾಗಿಲಲ್ಲಿ ಖಾಕಿ ಅಂಗಿಯ ಶಿವಲಿಂಗಣ್ಣ ನಿಂತಿದ್ದರು. ಅವರ ಹಿಂದೆ ಆಟೋದಿಂದ ಇಬ್ಬರು ಸವಾರಿಯವರು ಕತ್ತು ಚಾಚಿ ನೋಡುತ್ತಿದ್ದರು. ಶಿವಲಿಂಗಣ್ಣ ಬೈಯಲಿಲ್ಲ. "ನಡಿಯವ್ವ" ಎಂದರು, ಅಷ್ಟೇ. ಅಷ್ಟು ಮೆತ್ತಗಿನ ಅವರ ದನಿಯನ್ನು ನಾನು ಮೊದಲು ಕೇಳಿರಲಿಲ್ಲ, ಅದನ್ನು ಅಭ್ಯಾಸ ಮಾಡುವ ಆಸೆಯೂ ಆಗಲಿಲ್ಲ. ಮಾರನೆಯ ದಿನ ಸವಿತಳ ಮೂಲೆ ಖಾಲಿ. ಅದರ ಮಾರನೆಯ ದಿನ ಇನ್ನೂ ಇಬ್ಬರು ಹುಡುಗಿಯರು ಬರಲಿಲ್ಲ.

ಆಪಾ ನನ್ನನ್ನು ಪಕ್ಕಕ್ಕೆ ಕರೆದರು. "ನೀನು ಅಪ್ಪಂದಿರ ದನಿ ಕದ್ದೆ ಬೇಟಾ. ಈಗ ಅವರು ಕರೆದ್ರೂ ಅದು ಸುಳ್ಳೇ. ಹೋಗು, ವಾಪಸ್ ಕೊಟ್ಟು ಬಾ."

ಹೋದೆ. ಶಿವಲಿಂಗಣ್ಣ ಬಾಗಿಲ ಹೊರಗೆ ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಅವಳು ಬೈದದ್ದು ನಿಮಗಲ್ಲ, ನನಗೆ ಎಂದೆ.

"ಯಾರ್ಗ್ಲಾ ಹೇಳ್ತೀಯ ಕತೆ? ನನ್ ದನೀನ ನೀನ್ ಮಾಡೀಯಾ? ಮಾಡು ನೋಡಾನ."

ಕಣ್ಣು ಮುಚ್ಚಿಕೊಂಡು ಮಾಡಿದೆ. ಒಳಗೆ ಅಡುಗೆಯ ಹತ್ತಿರವಿದ್ದ ಅವರ ಹೆಂಡತಿ ಕೆಂಪಮ್ಮನ ಉತ್ತರ ತಕ್ಷಣ ಬಂತು. "ಇಲ್ಲೇ ಅವ್ಳಲ್ಲ, ಯಾಕಂಗೆ ಬಡ್ಕತೀರಿ? ಕಿವಿ ತೂತು ಬಿದ್ದೋಯ್ತು!"

ಶಿವಲಿಂಗಣ್ಣನ ಬೀಡಿ ತುಟಿಯಲ್ಲೇ ನಿಂತಿತು. "ನಾನು ಹಿಂಗಾ ಕೂಗಾದು?"

ಕೆಂಪಮ್ಮ ಹೊರಗೆ ಬಂದು ಇಬ್ಬರನ್ನೂ ನೋಡಿ ವಿಷಯ ತಿಳಿದುಕೊಂಡರು. "ಈ ಹುಡ್ಗನೇ ವಾಸಿ. ಒಸಿ ಮೆತ್ತಗೆ ಕೂಗ್ದ."

ನಾನು ಗೆದ್ದೆ ಎಂದುಕೊಂಡೆ. ಶಿವಲಿಂಗಣ್ಣ ತಲೆಯಾಡಿಸಿದರು. "ತಪ್ಪು ನಿಂದೇ ಕಣ್ಲಾ, ಒಪ್ದೆ. ಮಗ್ಳ ಮೇಲೆ ಸಿಟ್ಟಿಲ್ಲ. ಆದ್ರೆ ಕೂಗುದ್ರೆ ಬತ್ತಾಳೆ ಅನ್ನೋದೊಂದೇ ನಂಗಿದ್ದಿದ್ದು. ಅದ್ನ ನೀನು ಕೆಡಿಸ್ಬುಟ್ಟೆ. ಇನ್ ಮನೇಲೇ ಓದ್ಲಿ."

ಇದನ್ನು ಆಪಾಗೆ ಹೇಳಿದೆ. ಅವರು ಅವತ್ತೇ ನಿಯಮ ಬದಲಿಸಿದರು. ಇನ್ನು ಮೇಲೆ ಕೂಗು ನಡೆಯುವುದಿಲ್ಲ, ಕರೆಯಲು ಬಂದವರು ಒಳಗೆ ಬಂದು ಮುಖ ತೋರಿಸಬೇಕು. ಮಾರನೆಯ ಸಂಜೆ ನೋಡುತ್ತೇನೆ, ಸವಿತ ತನ್ನ ಮೂಲೆಯಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದಾಳೆ! ಏನಾಯಿತೆಂದು ಕೇಳಿದರೆ "ನಿನ್ಗ್ಯಾಕ್ಲಾ?" ಎಂದಳು. ನಾನೇ ಊಹಿಸಿಕೊಂಡೆ. ನನ್ನ ಕಲೆಗೆ ಶಿವಲಿಂಗಣ್ಣ ಕರಗಿದ್ದಾರೆ. ಅಂದಿನಿಂದ ಇಂದಿನವರೆಗೆ, ಕೇಳಿದವರಿಗೂ ಕೇಳದವರಿಗೂ, ಒಂದು ಹುಡುಗಿಯ ಓದು ಉಳಿದದ್ದು ನನ್ನ ಗಂಟಲಿನಿಂದ ಎಂದು ಹೇಳಿಕೊಂಡು ತಿರುಗಿದ್ದೇನೆ.

ಇವತ್ತು ಬಸ್ಸಿಳಿದವನು ಮನೆಗೆ ಹೋಗದೆ ನೇರ ಶೆಡ್ಡಿಗೆ ಹೋದೆ. ನಿಯಮ ಇನ್ನೂ ಅದೇ. ಮುಖ ತೋರಿಸಲು ಬಂದ ಅಪ್ಪಂದಿರಲ್ಲಿ ಅರ್ಧ ಜನ ವಾಪಸ್ ಹೋಗುವುದನ್ನೇ ಮರೆಯುತ್ತಾರೆ. ಶಿವಲಿಂಗಣ್ಣ ಕಿರಿಯ ಮಗನನ್ನು ಕರೆಯಲು ಬಂದು ಕೇರಂಗೆ ಕುಳಿತಿದ್ದರು. ಸವಿತ ಈಗ ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳಂತೆ. ಅದನ್ನು ಅವರು ಹೇಳಿದ್ದೇ ತಡ, ನಾನು ಕಾಲರ್ ಸರಿಮಾಡಿಕೊಂಡೆ. "ಅವತ್ತು ನಾನ್ ಬಂದು ನಿಮ್ ದನಿ ಮಾಡ್ದೆ ಇದ್ದಿದ್ರೆ ಏನ್ ಗತಿ ಹೇಳಿ ಅಣ್ಣ!"

ಶಿವಲಿಂಗಣ್ಣ ಸ್ಟ್ರೈಕರ್ ಕೆಳಗಿಟ್ಟು ನನ್ನನ್ನೇ ನೋಡಿದರು.

"ನಿನ್ ದನಿಗೆ ಬೆಂಕಿ ಹಾಕ. ನೀನ್ ಹೋದ್ಮೇಲೆ ಒಳಿಕ್ಕೋಗಿ, ಮನೇಲೇ ಓದ್ಕೊ ಅಂದೆ. ಮಂಚದ್ ಮೇಲೆ ನಮ್ಮವ್ವ ಮಲಗಿದ್ಲು, ಮಂಚದ್ ಕೆಳಗೆ ಆಟೋ ಸ್ಟೆಪ್ನಿ. ಟಿವಿ ಮುಂದೆ ಈ ಚಿಕ್ಕೋನು, ಒಲೆ ಮುಂದೆ ಇವ್ರಮ್ಮ, ಬಾಗ್ಲಾಗೆ ನಾನು. ಅವ್ಳು ಪುಸ್ತಕ ಹಿಡ್ಕಂಡು ನಿಂತಿದ್ಲು. ಅಳ್ನಿಲ್ಲ, ಎದುರಾಡ್ನಿಲ್ಲ. ಒಂದೇ ಮಾತು ಅಂದ್ಲು ಕಣ್ಲಾ: 'ಆಯ್ತು ಕಣಪ್ಪ, ಓದ್ತೀನಿ. ಎಲ್ಲಿ ಕೂತ್ಕಳ್ಲಿ, ತೋರ್ಸು.'"